ಆ ರಾತ್ರಿಗೆ ಎಷ್ಟು ಟಿಕೆಟ್ ಮಾರುತ್ತೀರಿ?

ಹ್ಯಾಲೊವೀನ್‌ಗೆಂದು ಥೀಮ್ ಪಾರ್ಕಿಗೆ ಹೊರಟಿರುವ ಅಮೆರಿಕದ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳೇ,

ಜುಲೈ ಕಳೆಯುತ್ತಿದ್ದಂತೆ ನಮ್ಮ ನಡುವೆ ಒಂದು ಮಾತು ಶುರುವಾಗುತ್ತದೆ. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಮನೆಗಳಲ್ಲಿ, ಗಣೇಶನ ಹಬ್ಬಕ್ಕೆ ಸೇರಿದಾಗ ಅದೇ ಮಾತು. "ಅಪ್ಪ ಅಮ್ಮ ಅಕ್ಟೋಬರ್ ತನಕ ಇಲ್ಲೇ ಇರ್ತಾರೆ. ಮಕ್ಕಳಿಗೂ ನಾಲ್ಕು ದಿನ ರಜೆ ಇದೆ. ಆರ್ಲ್ಯಾಂಡೊಗೆ ಹೋಗಿ ಹ್ಯಾಲೊವೀನ್ ಪಾರ್ಟಿ ನೋಡ್ಕೊಂಡು ಬರೋಣ ಅಂತಿದೀವಿ. ಯಾವ ದಿನದ ಟಿಕೆಟ್ ತಗೊಳ್ಳೋದು?" ಕೂಡಲೇ ಯಾರಾದರೂ ಅನುಭವಸ್ಥರಂತೆ ಹೇಳುತ್ತಾರೆ: "ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ದುಬಾರಿ ದಿನದ್ದೇ ತಗೊಳ್ಳಿ. ರೇಟು ಜಾಸ್ತಿ ಇದ್ರೆ ರಶ್ ಕಮ್ಮಿ ಇರುತ್ತೆ."

ಈ ಸಲಹೆ ತಪ್ಪು. ಒಂದು ಕಾಲಕ್ಕೆ ನಾನೂ ಇದನ್ನು ನಂಬಿದ್ದೆ, ನಂಬಿ ಟಿಕೆಟ್ ಕೊಂಡಿದ್ದೆ. ಅದಕ್ಕೇ ಈ ಕಾಗದ.

ಮೊದಲು ಲೆಕ್ಕ ನೋಡೋಣ. ನಮ್ಮವರು ಹೆಚ್ಚಾಗಿ ಹೋಗುವುದು ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆಯುವ 'ಮಿಕ್ಕೀಸ್ ನಾಟ್-ಸೋ-ಸ್ಕೇರಿ ಹ್ಯಾಲೊವೀನ್ ಪಾರ್ಟಿ'ಗೆ. 1995ರಲ್ಲಿ ಶುರುವಾದಾಗ ಅದು ಒಂದೇ ಒಂದು ರಾತ್ರಿಯ ಕಾರ್ಯಕ್ರಮವಾಗಿತ್ತು, ಅಕ್ಟೋಬರ್ 31ರಂದು ಮಾತ್ರ. 2025ರ ಹೊತ್ತಿಗೆ ಅದು 38 ರಾತ್ರಿಗಳಾಗಿತ್ತು. ಆಗಸ್ಟ್ 15ಕ್ಕೇ ಶುರು. ಶ್ರಾವಣ ಇನ್ನೂ ಮುಗಿದಿರುವುದಿಲ್ಲ, ಫ್ಲಾರಿಡಾದ ಸೆಕೆಯಲ್ಲಿ ಮೈಯೆಲ್ಲ ಬೆವರುತ್ತಿರುತ್ತದೆ, ಅಷ್ಟರಲ್ಲಿ ಅಲ್ಲಿ ಹ್ಯಾಲೊವೀನ್. ಟಿಕೆಟ್ ದರ ರಾತ್ರಿಯಿಂದ ರಾತ್ರಿಗೆ ಬೇರೆ: 2025ರಲ್ಲಿ ದೊಡ್ಡವರಿಗೆ 119 ಡಾಲರ್‌ನಿಂದ 229 ಡಾಲರ್‌ವರೆಗೆ ಇತ್ತು. ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹತ್ತು ಡಾಲರ್ ಕಡಿಮೆ ಇತ್ತು. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳ ಸಂಸಾರಕ್ಕೆ ತೆರಿಗೆ ಸೇರಿ ಅಗ್ಗದ ರಾತ್ರಿಗೆ ಸುಮಾರು 485 ಡಾಲರ್ ಆದರೆ, ಅತಿ ದುಬಾರಿ ರಾತ್ರಿಗೆ ಸುಮಾರು 954 ಆಗುತ್ತಿತ್ತು. ಜೊತೆಗೆ ಊರಿಂದ ಬಂದ ಅಪ್ಪ ಅಮ್ಮ ಇದ್ದರೆ ಅವರಿಬ್ಬರದು ಬೇರೆ. ಹಗಲಿನ ಟಿಕೆಟ್ ಇದಕ್ಕೆ ನಡೆಯುವುದಿಲ್ಲ. ಸಂಜೆ ಆರಕ್ಕೆ ಹಗಲಿನವರನ್ನು ಹೊರಗೆ ಕಳಿಸಿ, ಏಳರಿಂದ ಮಧ್ಯರಾತ್ರಿ ಹನ್ನೆರಡರವರೆಗೆ ಪಾರ್ಟಿ ನಡೆಸುತ್ತಾರೆ. ನೀವು ಕೊಳ್ಳುವುದು ಆ ಐದು ಗಂಟೆಗಳನ್ನು. ಅಂದರೆ 300 ನಿಮಿಷ.

ಈಗ ನಮ್ಮ ಊರಿನ ಒಂದು ಸಂಗತಿ ನೆನಪಿಸಿಕೊಳ್ಳಿ. ದೀಪಾವಳಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ಖಾಸಗಿ ಬಸ್ಸಿನ ದರ ಎರಡು ಪಟ್ಟಾಗುತ್ತದೆ. ಬೈದುಕೊಂಡೇ ಕೊಡುತ್ತೇವೆ. ಆದರೆ ಕೊಟ್ಟ ಮೇಲೆ ನಮಗೊಂದು ಸೀಟು ಸಿಗುತ್ತದೆ. ಮಾಮೂಲಿ ದಿನ ಸಿಗುವಷ್ಟೇ ಅಗಲದ ಸೀಟು, ಹೋಗಿ ಇಳಿಯುವುದೂ ಅದೇ ಊರಿನಲ್ಲಿ. ದುಬಾರಿಯಾದರೂ ಕೊಂಡ ಪದಾರ್ಥ ಕಡಿಮೆಯಾಗಲಿಲ್ಲ. ವಿಮಾನದ ಟಿಕೆಟ್ಟೂ ಹಾಗೆಯೇ.

ಥೀಮ್ ಪಾರ್ಕಿನ ರಾತ್ರಿ ಹಾಗಲ್ಲ. ದರ ಏರುವುದು ಆ ದಿನ ಬೇಕೆನ್ನುವವರು ಹೆಚ್ಚಿದ್ದಾರೆ ಎಂಬ ಕಾರಣಕ್ಕೆ. ಬೇಕೆನ್ನುವವರು ಹೆಚ್ಚಿದ್ದ ರಾತ್ರಿಯ ಟಿಕೆಟ್‌ಗಳು ಪೂರ್ತಿ ಖರ್ಚಾಗುತ್ತವೆ. ಪೂರ್ತಿ ಖರ್ಚಾದ ರಾತ್ರಿ ಪ್ರತಿ ಸಾಲೂ ಉದ್ದವಾಗುತ್ತದೆ. ಅಗ್ಗದ ರಾತ್ರಿ ಆರು ರೈಡ್ ಹತ್ತಿ ಇಳಿದವರು ದುಬಾರಿ ರಾತ್ರಿ ಮೂರು ಹತ್ತಿದರೆ ಅದೇ ಹೆಚ್ಚು. ಬೆಲೆ ಎರಡು ಪಟ್ಟು, ಕೈಗೆ ಬಂದ ಪದಾರ್ಥ ಅರ್ಧ. ನನಗೆ ತಿಳಿದಂತೆ ಬೇರಾವ ವ್ಯಾಪಾರದಲ್ಲೂ ಈ ಎರಡು ಒಟ್ಟಿಗೆ ಇಷ್ಟು ಸಲೀಸಾಗಿ ನಡೆಯುವುದಿಲ್ಲ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಪಾರ್ಕಿನ ಹೆಸರು ಬೇಡ. ಮಗಳಿಗೆ ಆಗ ಆರು ವರ್ಷ. ಅತ್ತೆ ಶಿವಮೊಗ್ಗದಿಂದ ಬಂದು ನಮ್ಮ ಜೊತೆಗಿದ್ದರು. ಮಗಳು ಜೇನುಹುಳದ ವೇಷ ಹಾಕಬೇಕೆಂದು ಹಟ ಹಿಡಿದಳು. ಹಳದಿ ಕಪ್ಪು ಪಟ್ಟೆಯ ಅಂಗಿ ಅಂಗಡಿಯಲ್ಲಿ ಸಿಕ್ಕಿತು, ರೆಕ್ಕೆ ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅತ್ತೆ ತಮ್ಮ ಹಳೆಯ ಆರ್ಗಂಜಾ ಸೀರೆಯ ತುಂಡೊಂದನ್ನು ತಂತಿಗೆ ಸುತ್ತಿ, ಎರಡು ಮಧ್ಯಾಹ್ನ ಕೂತು ಹೊಲಿದು, ರೆಕ್ಕೆ ಮಾಡಿಕೊಟ್ಟರು. ಬೆಳಕು ಬಿದ್ದರೆ ಅದರ ಜರಿಯ ಅಂಚು ಹೊಳೆಯುತ್ತಿತ್ತು. ಆ ಋತುವಿನಲ್ಲಿ ಆ ಪಾರ್ಕಿನ ಅತಿ ಹೆಚ್ಚಿನ ದರದ ರಾತ್ರಿಯನ್ನೇ ನಾವು ಆರಿಸಿದ್ದೆವು. ಅತ್ತೆಗೆ ಮಂಡಿ ನೋವು, ಜನ ಕಡಿಮೆ ಇದ್ದರೆ ಒಳ್ಳೆಯದು ಎಂದು.

ಗೇಟು ದಾಟಿ ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಕ್ಯಾಂಡಿ ಹಂಚುವ ಮೊದಲ ಸಾಲಿನಲ್ಲಿ ಐವತ್ತು ನಿಮಿಷ ನಿಂತೆವು. ಮಗಳ ಕಿತ್ತಳೆ ಬಣ್ಣದ ಚೀಲಕ್ಕೆ ಮೂರು ಕ್ಯಾಂಡಿ ಬಿದ್ದವು. ಅಲ್ಲಿಂದ ಹೊರಬರುವಾಗ ಯಾರದೋ ಸ್ಟ್ರಾಲರ್ ತಗುಲಿ ಎಡಗಡೆಯ ರೆಕ್ಕೆ ನಡುವಿಗೇ ಮಡಚಿಕೊಂಡಿತು. ಅವಳು ಅಳಲಿಲ್ಲ, ಹಿಂದೆ ತಿರುಗಿ ಅಜ್ಜಿಯ ಮುಖ ನೋಡಿದಳು. ಅತ್ತೆ ಹೂವಿನ ಪಾತಿಯ ಅಂಚಿನ ಕಲ್ಲಿನ ಮೇಲೆ ಕೂತು, ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ನೆಟ್ಟಗೆ ಮಾಡತೊಡಗಿದರು. ಕೆಲಸದ ಹುಡುಗನೊಬ್ಬ ಬಂದು, ಇಲ್ಲಿ ಕೂರುವ ಹಾಗಿಲ್ಲ, ದಾರಿ ಬಿಡಬೇಕು ಎಂದು ನಯವಾಗಿಯೇ ಹೇಳಿದ. ಅವನದು ತಪ್ಪಿಲ್ಲ. ಅಷ್ಟು ಜನರ ನಡುವೆ ಅವನೂ ಅದೇ ಹೊತ್ತಿನಿಂದ ನಿಂತೇ ಇದ್ದ. ಅತ್ತೆ ಎದ್ದು, ರೆಕ್ಕೆಯನ್ನು ಕೈಯಲ್ಲೇ ಹಿಡಿದುಕೊಂಡು ನನಗೆ ಹೇಳಿದರು: "ಅಲ್ಲ ಕಣೇ, ಇಷ್ಟು ದುಡ್ಡು ಕೊಟ್ಟು ನಾವು ನಿಂತ್ಕೊಳ್ಳಕ್ಕೆ ಬಂದ್ವಾ?"

ಮೆರವಣಿಗೆ ಬಂದಾಗ ನಮಗೆ ಕಂಡದ್ದು ಮುಂದೆ ನಿಂತವರ ಬೆನ್ನು. ಪಟಾಕಿಯ ಹೊತ್ತಿಗೆ ಮಗಳು ನನ್ನವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮನೆಗೆ ಬಂದ ಮೇಲೆ ನನ್ನವರು ಫೋನಿನಲ್ಲಿದ್ದ ಒಂದೊಂದು ಫೋಟೊದ ಸಮಯ ನೋಡಿ ಲೆಕ್ಕ ಹಾಕಿದರು. ಐದು ಗಂಟೆಯಲ್ಲಿ ಮೂರೂವರೆ ಗಂಟೆ ಸಾಲಿನಲ್ಲೇ ಕಳೆದಿತ್ತು. ಎರಡು ರೈಡ್, ಮೂರು ಕ್ಯಾಂಡಿ, ಅರ್ಧ ಮೆರವಣಿಗೆ.

ಆ ರಾತ್ರಿಯ ನಂತರ ಈ ಸಾಲುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಓದಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಕೂತಿರುವುದು ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್‌ನ ನಾಟ್ಸ್ ಬೆರಿ ಫಾರ್ಮ್‌ನ ಕಥೆ. ವಾಲ್ಟರ್ ನಾಟ್ ಎಂಬ ರೈತ ಅಲ್ಲಿ ಹಣ್ಣು ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದ. 1934ರಲ್ಲಿ, ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ, ಅವನ ಹೆಂಡತಿ ಕಾರ್ಡೀಲಿಯಾ ತಮ್ಮ ಮದುವೆಗೆ ಬಂದಿದ್ದ ಪಿಂಗಾಣಿ ತಟ್ಟೆಗಳಲ್ಲೇ ಎಂಟು ಜನಕ್ಕೆ ಕೋಳಿ ಊಟ ಬಡಿಸಿದಳು. ಊಟಕ್ಕೆ 65 ಸೆಂಟ್. ಆ ಕೈರುಚಿ ಹೆಸರಾಗಿ, ಕೆಲವೇ ವರ್ಷಗಳಲ್ಲಿ ಊಟಕ್ಕೆ ಗಂಟೆಗಟ್ಟಲೆ ಕಾಯುವ ಸಾಲು ಬೆಳೆಯಿತು. ಕಾಯುವವರಿಗೆ ಬೇಸರವಾಗಬಾರದೆಂದು ವಾಲ್ಟರ್ 1940ರಲ್ಲಿ ಹಳೆಯ ಕಾಲದ ಪಾಳು ಊರೊಂದನ್ನು ಕಟ್ಟಲು ಶುರು ಮಾಡಿದ. ಅದನ್ನು ನೋಡಲು ದುಡ್ಡಿಲ್ಲ. ಗೇಟಿನಲ್ಲಿ ಪ್ರವೇಶ ಶುಲ್ಕ ಎಂಬುದು ಬಂದದ್ದೇ 1968ರಲ್ಲಿ. ಅದೇ ಪಾಳು ಊರಿನಲ್ಲಿ 1973ರಲ್ಲಿ ಹ್ಯಾಲೊವೀನ್ ಹಾಂಟ್ ಶುರುವಾಯಿತು. ಇಂದು 'ನಾಟ್ಸ್ ಸ್ಕೇರಿ ಫಾರ್ಮ್' ಎಂದು ಹೆಸರಾಗಿರುವ ಅದು ಅಮೆರಿಕದ ಥೀಮ್ ಪಾರ್ಕ್ ಹ್ಯಾಲೊವೀನ್‌ಗಳಿಗೆಲ್ಲ ಹಿರಿಯಕ್ಕ.

ಕಾದವರ ಋಣ ತೀರಿಸಬೇಕೆಂಬ ತಿಳಿವಳಿಕೆ ಆ ರೈತನಿಗಿತ್ತು. ಮನೆ ಬಾಗಿಲಿಗೆ ಬಂದು ನಿಂತವರನ್ನು ಸುಮ್ಮನೆ ನಿಲ್ಲಿಸಬಾರದು ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು, ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡುತ್ತಿದ್ದರು. ಇಂದು ಆ ಕಾಯುವಿಕೆಯೇ ಮಾರಾಟದ ಸರಕಾಗಿದೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ತೆರೆದಾಗ ಗೇಟಿನ ದರ ಮೂರೂವರೆ ಡಾಲರ್, ರೈಡ್‌ಗಳಿಗೆ ಬೇರೆ ಕೂಪನ್ ಪುಸ್ತಕ. ಹತ್ತಿದ ರೈಡಿಗೆ ಕೂಪನ್ ಹರಿದು ಕೊಡುವುದು, ಹತ್ತದಿದ್ದರೆ ಕೂಪನ್ ನಿಮ್ಮ ಬಳಿಯೇ. ಸಾಲು ಉದ್ದವಿದೆ ಎಂದು ಬಿಟ್ಟು ಬಂದವರಿಗೆ ಆ ರೈಡಿನ ದುಡ್ಡು ಹೋಗುತ್ತಿರಲಿಲ್ಲ. 1982ರಲ್ಲಿ ಆ ಪುಸ್ತಕಗಳು ಹೋಗಿ, ಗೇಟಿನಲ್ಲೇ ಎಲ್ಲದಕ್ಕೂ ಒಂದೇ ಟಿಕೆಟ್ ಬಂತು. 1999ರಲ್ಲಿ ಡಿಸ್ನಿ 'ಫಾಸ್ಟ್‌ಪಾಸ್' ತಂದಿತು: ಚೀಟಿ ತೆಗೆದುಕೊಂಡು ಹೇಳಿದ ಹೊತ್ತಿಗೆ ಬಂದರೆ ಸಾಲು ಚಿಕ್ಕದು, ಅದಕ್ಕೆ ಬೇರೆ ದುಡ್ಡಿಲ್ಲ. 2021ರಲ್ಲಿ ಆ ಜಾಗಕ್ಕೆ ದುಡ್ಡು ಕೊಡಬೇಕಾದ ವ್ಯವಸ್ಥೆ ಬಂತು. ನಡುವೆ 2018ರಲ್ಲಿ ಫ್ಲಾರಿಡಾದ ಡಿಸ್ನಿ ಪಾರ್ಕ್‌ಗಳ ಟಿಕೆಟ್ ದರ ತಾರೀಖಿನ ಮೇಲೆ ಬದಲಾಗತೊಡಗಿತ್ತು. ಜನ ಒಂದೇ ದಿನ ಮುಗಿಬೀಳದೆ ವರ್ಷವಿಡೀ ಹಂಚಿಹೋಗಲಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ದುಡ್ಡು ಕೊಟ್ಟು ಸಾಲು ದಾಟುವುದು ಹ್ಯಾಲೊವೀನ್ ರಾತ್ರಿಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದು ಅರ್ಥವಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ.

ಆರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋಸ್‌ನ 'ಹ್ಯಾಲೊವೀನ್ ಹಾರರ್ ನೈಟ್ಸ್' 1991ರಲ್ಲಿ 'ಫ್ರೈಟ್ ನೈಟ್ಸ್' ಎಂಬ ಹೆಸರಿನಲ್ಲಿ ಮೂರು ರಾತ್ರಿ, ಒಂದೇ ಒಂದು ಭೂತದ ಮನೆಯೊಂದಿಗೆ ಶುರುವಾಯಿತು. 2025ರಲ್ಲಿ ಅದು 48 ರಾತ್ರಿ, ಹತ್ತು ಭೂತದ ಮನೆ. ಭೂತದ ಮನೆ ಎಂದರೆ ಕತ್ತಲೆಯ ಓಣಿಯೊಳಗೆ ಜನ ಒಬ್ಬರ ಹಿಂದೊಬ್ಬರು ನಡೆದು ಹೋಗುವುದು, ಮೂಲೆಗಳಿಂದ ನಟರು ಹಾರಿ ಬಂದು ಬೆಚ್ಚಿಬೀಳಿಸುವುದು. ಎಷ್ಟೇ ಅವಸರ ಮಾಡಿದರೂ ಆ ಓಣಿ ನಿಮಿಷಕ್ಕೆ ಇಷ್ಟೇ ಜನ ಎಂಬ ಮಿತಿ ಮೀರುವುದಿಲ್ಲ. ಲೆಕ್ಕಕ್ಕೆ ನಿಮಿಷಕ್ಕೆ 20 ಜನ ಎಂದುಕೊಳ್ಳಿ. ನಿಮ್ಮ ಮುಂದೆ 900 ಜನರಿದ್ದರೆ 45 ನಿಮಿಷದಲ್ಲಿ ನಿಮ್ಮ ಸರದಿ.

ಈಗ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದು, ಎಕ್ಸ್‌ಪ್ರೆಸ್ ಪಾಸ್ ಕೊಂಡವರನ್ನು ಅಲ್ಲಿಂದ ಬಿಡುತ್ತಾರೆ ಎಂದುಕೊಳ್ಳಿ. ಓಣಿ ಅಗಲವಾಗಲಿಲ್ಲ, ನಿಮಿಷಕ್ಕೆ ಈಗಲೂ 20 ಜನವೇ. ಅದರಲ್ಲಿ ಹತ್ತು ಎಕ್ಸ್‌ಪ್ರೆಸ್‌ನವರಾದರೆ ನಿಮ್ಮ ಸಾಲಿಗೆ ಉಳಿಯುವುದು ಹತ್ತು. ಅದೇ 900 ಜನಕ್ಕೆ ಈಗ 90 ನಿಮಿಷ. ಎಕ್ಸ್‌ಪ್ರೆಸ್‌ನವರು ಉಳಿಸಿಕೊಂಡ ಹೊತ್ತು ಆಕಾಶದಿಂದ ಬಿದ್ದದ್ದಲ್ಲ, ಪಕ್ಕದ ಸಾಲಿನವರ ಹೊತ್ತು. ಸಾಲು ಹೀಗೆ ಬೆಳೆದಷ್ಟೂ ಎಕ್ಸ್‌ಪ್ರೆಸ್ ಪಾಸಿಗೆ ಗಿರಾಕಿ ಹೆಚ್ಚು. ಗಿರಾಕಿ ಹೆಚ್ಚಿದಷ್ಟೂ ಅದರ ದರವೂ ಏರುತ್ತದೆ. ಯೂನಿವರ್ಸಲ್‌ನ ಹಾರರ್ ನೈಟ್ಸ್‌ನಲ್ಲಿ ಎಕ್ಸ್‌ಪ್ರೆಸ್ ಪಾಸಿನ ಬೆಲೆ ಎಷ್ಟೋ ಸಲ ಆ ರಾತ್ರಿಯ ಟಿಕೆಟ್‌ಗಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಅದನ್ನು ಕೊಳ್ಳದವರು ಸಂಜೆ ಆರೂವರೆಯಿಂದ ರಾತ್ರಿ ಎರಡರವರೆಗೆ ಇದ್ದು, ಮನೆಗೆ ತೊಂಬತ್ತು ನಿಮಿಷದಂತೆ ನಿಂತರೆ, ನೀರು ಕುಡಿಯಲೂ ಬಿಡುವಿಲ್ಲದೆ ಐದು ಮನೆ ನೋಡಬಹುದು. ಹತ್ತರಲ್ಲಿ ಐದು.

ದೇವಸ್ಥಾನಗಳ ವಿಶೇಷ ದರ್ಶನದ ಸಾಲು ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಧರ್ಮದರ್ಶನದ ಸಾಲಿನಲ್ಲಿ ಹಸುಗೂಸನ್ನು ಎತ್ತಿಕೊಂಡು ನಿಂತವರ ಕಷ್ಟ ನಮಗೆ ಗೊತ್ತು. ಆದರೆ ಅಲ್ಲಿ ಆ ಸಾಲಿಗೆ ದುಡ್ಡಿಲ್ಲ. ಇಲ್ಲಿ ನೂರಾರು ಡಾಲರ್ ಕೊಟ್ಟವರ ಸಾಲೇ ಧರ್ಮದರ್ಶನದ ಸಾಲು.

ಒಳ್ಳೆಯದನ್ನೂ ಹೇಳಬೇಕು. ಡಿಸ್ನಿಯ ಹ್ಯಾಲೊವೀನ್ ಪಾರ್ಟಿಯ ಹೊತ್ತಿನಲ್ಲಿ ಹೀಗೆ ದುಡ್ಡು ಕೊಟ್ಟು ಸಾಲು ದಾಟುವ ವ್ಯವಸ್ಥೆ ಇರುವುದಿಲ್ಲ, ಎಲ್ಲರಿಗೂ ಒಂದೇ ಸಾಲು. ಇದು ನ್ಯಾಯ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಗ್ಗದ ರಾತ್ರಿಗಳು ಇರುವುದರಿಂದಲೇ ಹೋಗಲು ಸಾಧ್ಯವಾದ ಸಂಸಾರಗಳೂ ನಮ್ಮಲ್ಲಿವೆ. ವೇಷಧಾರಿಗಳು, ಮೇಕಪ್‌ನವರು, ಮೆರವಣಿಗೆಯ ಕುದುರೆ, ಪಟಾಕಿ, ಕಾವಲಿನವರು, ಮಧ್ಯರಾತ್ರಿ ಕಸ ಗುಡಿಸುವವರು, ಇದೆಲ್ಲ ಪುಕ್ಕಟೆ ಬರುವುದಿಲ್ಲ. ಅಲ್ಲಿನ ಕಲೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 'ಬೂ-ಟು-ಯು' ಮೆರವಣಿಗೆಗೆ ಮುಂಚೆ ತಲೆಯಿಲ್ಲದ ಸವಾರ ಕತ್ತಲಲ್ಲಿ ಕುದುರೆ ಓಡಿಸಿಕೊಂಡು ಬರುವ ಆ ಕ್ಷಣಕ್ಕೆ ಮಕ್ಕಳ ಉಸಿರು ನಿಲ್ಲುತ್ತದೆ. ದುಡ್ಡು ಕೇಳುವುದಕ್ಕೆ ನನ್ನ ತಕರಾರಿಲ್ಲ. ಏನನ್ನು ಮಾರುತ್ತಿದ್ದಾರೆ ಎಂಬುದನ್ನು ಪೂರ್ತಿಯಾಗಿ ಹೇಳದಿರುವುದಕ್ಕೆ ತಕರಾರಿದೆ.

ಅಕ್ಟೋಬರ್ 31ರ ಟಿಕೆಟ್ ಮೊದಲೇ ಖಾಲಿಯಾಗುತ್ತದೆ. 'ಸೋಲ್ಡ್ ಔಟ್' ಎಂಬ ಎರಡು ಪದ ಬರುತ್ತವೆ. ಎಷ್ಟು ಮಾರಿದ ಮೇಲೆ ಸೋಲ್ಡ್ ಔಟ್? ಅದನ್ನು ಹೇಳುವುದಿಲ್ಲ. ಆ ರಾತ್ರಿ ಒಳಗೆ ಎಷ್ಟು ಜನರಿರುತ್ತಾರೆ ಎಂಬ ಅಂಕಿ ಟಿಕೆಟ್ ಕೊಳ್ಳುವವರ ಕಣ್ಣಿಗೆ ಎಲ್ಲೂ ಬೀಳುವುದಿಲ್ಲ. ಸಿನಿಮಾ ಮಂದಿರ ತುಂಬಿದೆ ಎಂದರೆ ಎಲ್ಲ ಸೀಟೂ ಭರ್ತಿ ಎಂದು ಅರ್ಥ, ಪ್ರತಿಯೊಬ್ಬರಿಗೂ ಒಂದು ಸೀಟಿದೆ ಎಂದೂ ಅರ್ಥ. ಪಾರ್ಕಿಗೆ ಸೀಟುಗಳಿಲ್ಲ. ಅಲ್ಲಿ ಎರಡು ಮಿತಿಗಳಿವೆ. ಅಪಾಯವಾಗದೆ ಎಷ್ಟು ಜನ ನಿಲ್ಲಬಹುದು ಎಂಬುದು ಒಂದು, ದುಡ್ಡು ಕೊಟ್ಟವರು ಸಂತೋಷದಿಂದ ಎಷ್ಟು ಜನ ಓಡಾಡಬಹುದು ಎಂಬುದು ಇನ್ನೊಂದು. ಎರಡರ ನಡುವಿನ ಅಂತರ ದೊಡ್ಡದು. ಟಿಕೆಟ್ ಮಾರಾಟ ಇದರಲ್ಲಿ ಯಾವ ಮಿತಿಯ ಹತ್ತಿರ ನಿಲ್ಲುತ್ತದೆ ಎಂಬುದೇ ಆ ರಾತ್ರಿಯ ನಿಜವಾದ ಬೆಲೆ.

ಜನಸಂದಣಿಯ ಲೆಕ್ಕ ಬರೀ ಬೇಸರದ ವಿಷಯವಲ್ಲ ಎಂಬುದು ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಹ್ಯಾಲೊವೀನ್‌ನದೇ ವಾರಾಂತ್ಯದಲ್ಲಿ, 2022ರ ಅಕ್ಟೋಬರ್ 29ರ ರಾತ್ರಿ, ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನ ಕಿರಿದಾದ ಇಳಿಜಾರು ಓಣಿಯೊಂದರಲ್ಲಿ ಸಿಕ್ಕಿಕೊಂಡು ಸತ್ತವರು 159. ಹೆಚ್ಚಿನವರು ಹರೆಯದವರು. ಅದು ಬೀದಿ, ಅಲ್ಲಿ ಟಿಕೆಟ್ ಇರಲಿಲ್ಲ, ಬಂದವರನ್ನು ಎಣಿಸುವವರೂ ಇರಲಿಲ್ಲ. ಥೀಮ್ ಪಾರ್ಕ್‌ಗಳ ದೊಡ್ಡ ಗುಣವೇ ಇದು: ಅಲ್ಲಿ ಗೇಟು ಇದೆ, ಪ್ರತಿಯೊಬ್ಬರ ಟಿಕೆಟ್ ಸ್ಕ್ಯಾನ್ ಆಗುತ್ತದೆ, ಒಳಗೆ ಎಷ್ಟು ಜನ ಹೋದರು ಎಂಬುದು ಅವರಿಗೆ ತಲೆ ಲೆಕ್ಕದಲ್ಲಿ ಗೊತ್ತು. ಅಂಕಿ ಅವರ ಬಳಿ ಇದೆ. ದರ ನಿಗದಿ ಮಾಡುವುದೇ ಆ ಅಂಕಿಗಳ ಮೇಲೆ. ಅದನ್ನೇ ನಮಗೂ ಹೇಳಿ ಎನ್ನುವುದು ದೊಡ್ಡ ಬೇಡಿಕೆಯೇನಲ್ಲ.

ಟಿಕೆಟ್ ಕೊಳ್ಳಲು ಹೊರಟವರಿಗೆ ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಪಾರ್ಟಿಯ ಟಿಕೆಟ್ ಬಿಟ್ಟು, ಪಾರ್ಟಿ ಇರುವ ದಿನದ ಹಗಲಿನ ಟಿಕೆಟ್ ತೆಗೆದುಕೊಳ್ಳಿ. ಸಂಜೆ ಆರಕ್ಕೇ ಹೊರಗೆ ಕಳಿಸುತ್ತಾರೆ ಎಂಬ ಕಾರಣಕ್ಕೆ ಎಷ್ಟೋ ಜನ ಆ ದಿನವನ್ನು ತಪ್ಪಿಸುತ್ತಾರೆ, ಹಾಗಾಗಿ ಮ್ಯಾಜಿಕ್ ಕಿಂಗ್‌ಡಮ್‌ನ ಹಗಲು ಆ ದಿನ ಎಷ್ಟೋ ಹಗುರ. ಕುಂಬಳಕಾಯಿ ಅಲಂಕಾರ ಹಗಲಲ್ಲೂ ಇರುತ್ತದೆ. ಅಮ್ಮಂದಿರಿಗೆ ಬೇಕಾಗಿರುವುದು ಮೊಮ್ಮಕ್ಕಳ ಜೊತೆ ಒಂದು ಫೋಟೊ, ಕೂರಲು ಒಂದು ಬೆಂಚು. ಮಂಡಿ ನೋವಿದ್ದವರಿಗೆ ಗೇಟಿನ ಬಳಿಯೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. "ನಂಗೇನಾಗಿದೆ, ನಡೀತೀನಿ" ಎನ್ನುತ್ತಾರೆ. ಸಂಕೋಚ ಬಿಡಿಸಿ ಕೂರಿಸಿ.

ಪಾರ್ಟಿಗೇ ಹೋಗಬೇಕೆಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್‌ನ ವಾರದ ನಡುವಿನ ರಾತ್ರಿಗಳು ದರದಲ್ಲೂ ಜನದಲ್ಲೂ ವಾಸಿ. ಬಿಸಿಲು, ಸಂಜೆಯ ಗುಡುಗು ಮಳೆ ಇರುತ್ತದೆ, ಚಂಡಮಾರುತದ ಋತುವೂ ನವೆಂಬರ್ ಕೊನೆಯವರೆಗೆ ಇದೆ. ಮಳೆ ಬಂತೆಂದು ದುಡ್ಡು ವಾಪಸು ಕೊಡುವುದಿಲ್ಲ, ಅದನ್ನು ತಿಳಿದೇ ಕೊಳ್ಳಿ. ಪಾರ್ಟಿ ಟಿಕೆಟ್ ಇದ್ದವರನ್ನು ನಾಲ್ಕು ಗಂಟೆಯಿಂದಲೇ ಒಳಗೆ ಬಿಡುತ್ತಾರೆ. ಮೆರವಣಿಗೆ ರಾತ್ರಿ ಎರಡು ಸಲ ಬರುತ್ತದೆ. ಚಿಕ್ಕ ಮಕ್ಕಳಿದ್ದವರು ಮೊದಲನೆಯದು ನೋಡಿ ಮನೆಗೆ ಹೊರಟಿರುತ್ತಾರೆ, ಆದ್ದರಿಂದ ಎರಡನೆಯದಕ್ಕೆ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತದೆ. ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ ಹೊರಡಿ. ಯೂನಿವರ್ಸಲ್‌ನ ಹಾರರ್ ನೈಟ್ಸ್‌ಗೆ ಚಿಕ್ಕ ಮಕ್ಕಳನ್ನು ದಯವಿಟ್ಟು ಕರೆದೊಯ್ಯಬೇಡಿ. ಹದಿಮೂರು ವರ್ಷದೊಳಗಿನವರಿಗೆ ಅದು ತಕ್ಕುದಲ್ಲ ಎಂದು ಪಾರ್ಕಿನವರೇ ಹೇಳುತ್ತಾರೆ. ಅಲ್ಲಿಗೆ ವೇಷ ಹಾಕಿಕೊಂಡು ಹೋಗುವ ಹಾಗೂ ಇಲ್ಲ.

ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಹ್ಯಾಲೊವೀನ್ ಎಂಬುದು ಇಲ್ಲಿ ದುಡ್ಡಿಲ್ಲದೆ ನಡೆಯುವ ಹಬ್ಬ. ಅಕ್ಟೋಬರ್ 31ರ ಸಂಜೆ ನಿಮ್ಮದೇ ಬೀದಿಯಲ್ಲಿ ದೀಪ ಹಚ್ಚಿಟ್ಟ ಮನೆಗಳ ಬಾಗಿಲಿಗೆ ಮಕ್ಕಳು ವೇಷ ಹಾಕಿಕೊಂಡು ಹೋಗುತ್ತಾರೆ, ಬಾಗಿಲು ತೆರೆದವರು ಕೈ ತುಂಬ ಕ್ಯಾಂಡಿ ಕೊಡುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಂತೆಯೇ ಮನೆ ಮನೆ ಸುತ್ತುವುದು. ಆ ಕಲ್ಲಿನ ಅಂಚಿನಿಂದ ಎಬ್ಬಿಸಿಕೊಂಡ ಅತ್ತೆ, ಅದೇ ತಿಂಗಳ ಕೊನೆಯಲ್ಲಿ ನಮ್ಮ ಮನೆಯ ಮೆಟ್ಟಿಲ ಮೇಲೆ ಶಾಲು ಹೊದ್ದು ಕುರ್ಚಿ ಹಾಕಿಕೊಂಡು ಕೂತರು. ಮಡಿಲಲ್ಲಿ ಕ್ಯಾಂಡಿಯ ಬಟ್ಟಲು. ಬಂದ ಒಂದೊಂದು ಮಗುವಿಗೂ "ತಗೋ ಕಂದಾ" ಎಂದು ಕನ್ನಡದಲ್ಲೇ ಹೇಳಿ ಎರಡೆರಡು ಕೊಟ್ಟರು. ಸರಿಮಾಡಿದ ರೆಕ್ಕೆ ಕಟ್ಟಿಕೊಂಡು ಮಗಳು ಇಪ್ಪತ್ತಕ್ಕೂ ಹೆಚ್ಚು ಮನೆ ಸುತ್ತಿ ಬಂದಳು. ಚೀಲ ಎತ್ತಲಾರದೆ ನನ್ನ ಕೈಗೆ ಕೊಟ್ಟಳು. ಮಾರನೆಯ ಬೆಳಿಗ್ಗೆ ಕನ್ನಡ ರಾಜ್ಯೋತ್ಸವ. ಅದೇ ಹಳದಿ ಅಂಗಿಗೆ ಕೆಂಪು ಶಾಲು ಸುತ್ತಿ ಅಜ್ಜಿ ಫೋಟೊ ತೆಗೆಸಿದರು.

ಪಾರ್ಕಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅಪ್ಪ ಅಮ್ಮ ಮತ್ತೆ ಯಾವಾಗ ಬರುತ್ತಾರೋ, ಮಕ್ಕಳ ಆ ವಯಸ್ಸು ಮತ್ತೆ ಬರುವುದಿಲ್ಲ, ಹೋಗಿ ಬನ್ನಿ. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡು ಎಂಬುದನ್ನು ಮಾತ್ರ ಮರೆಯಬೇಡಿ. ದುಬಾರಿ ಎಂದ ಮಾತ್ರಕ್ಕೆ ಜನ ಕಡಿಮೆ ಎಂದು ಯಾರಿಗೂ ಸಲಹೆ ಕೊಡಬೇಡಿ.

ನಿಮ್ಮಲ್ಲಿ ಒಂದೇ ಕೋರಿಕೆ. ಯಾವ ಪಾರ್ಕೇ ಆಗಲಿ, ಟಿಕೆಟ್ ಕೊಳ್ಳುವ ಮುಂಚೆ ಅಲ್ಲಿನ ಗ್ರಾಹಕ ವಿಭಾಗಕ್ಕೆ ಒಂದು ಸಾಲು ಬರೆಯಿರಿ, ಇಲ್ಲವೇ ಫೋನ್ ಮಾಡಿ ಕೇಳಿ: "ಈ ರಾತ್ರಿಗೆ ಎಷ್ಟು ಟಿಕೆಟ್ ಮಾರುತ್ತೀರಿ?" ಉತ್ತರ ಬರದಿದ್ದರೆ ಹೋಗಿ ಬಂದ ಮೇಲೆ ಅವರು ಕಳಿಸುವ ಅಭಿಪ್ರಾಯದ ನಮೂನೆಯಲ್ಲಿ ಮತ್ತೆ ಅದನ್ನೇ ಬರೆಯಿರಿ. ಕನ್ನಡ ಕೂಟಗಳಿಂದ ಗುಂಪು ಟಿಕೆಟ್ ಕೊಳ್ಳುವವರು ದರ ಕೇಳುವಾಗ ಜೊತೆಗೇ ಈ ಸಂಖ್ಯೆಯನ್ನೂ ಕೇಳಿ. ಒಬ್ಬರು ಕೇಳಿದರೆ ಅದು ಮೂಲೆಗೆ ಬೀಳುವ ಕಾಗದ, ಸಾವಿರ ಮನೆಯವರು ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ. ಈ ಸಲದ ಟಿಕೆಟ್‌ನಿಂದಲೇ ಕೇಳಲು ಶುರು ಮಾಡಿ.

ಇಂತಿ ನಿಮ್ಮವಳೇ ಆದ,
ಒಬ್ಬ ಕನ್ನಡತಿ